ರೋಯಿಂಗ್ ಮಷಿನ್‌ಗೆ ಟ್ರೈನಿಂಗ್ ಸಾಫ್ಟ್‌ವೇರ್ ಕೊಳ್ಳಬೇಕಾ? ಮೊದಲು ಆ ಪುಟ್ಟ ಮಾನಿಟರ್ ಕಡೆ ನೋಡಿ

ರೋಯಿಂಗ್ ಮಷಿನ್, ಅಂದರೆ ಕೂತು ದೋಣಿಯ ಹುಟ್ಟು ಹಾಕಿದ ಹಾಗೆ ಹ್ಯಾಂಡಲ್ ಎಳೆಯುವ ವ್ಯಾಯಾಮದ ಮಷಿನ್, ಮನೆಗೆ ಬಂದು ಎರಡು ವಾರ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಮಷಿನ್ ಇದೆ. ಅದರ ಮೇಲೆ ಒಂದು ಪುಟ್ಟ ಮಾನಿಟರ್ ಕೂಡ ಇದೆ. ಇಷ್ಟೆಲ್ಲ ಇದ್ದ ಮೇಲೂ ತಿಂಗಳು ತಿಂಗಳು ದುಡ್ಡು ಕಟ್ಟಿ ಒಂದು ಆ್ಯಪ್ ಇಟ್ಟುಕೊಳ್ಳಬೇಕಾ?

ನಾನು ಎರಡು ಸಲ ಕೊಂಡಿದ್ದೇನೆ. ಮೊದಲ ಸಲ ಮಷಿನ್ ಬಂದ ವಾರವೇ ಚಂದಾ ಕಟ್ಟಿದೆ. ಆ್ಯಪ್‌ನಲ್ಲಿ ನೂರಾರು ತರಗತಿಗಳಿದ್ದವು. ಯಾವುದು ನನಗೆ ಬೇಕು ಅನ್ನೋದೇ ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಬಿಟ್ಟೆ. ಎರಡನೇ ಸಲ ಕೊಂಡಿದ್ದು ಒಂದು ವರ್ಷ ಬರೀ ಮಾನಿಟರ್ ನೋಡಿಕೊಂಡು ಎಳೆದ ಮೇಲೆ. ಅಷ್ಟು ಹೊತ್ತಿಗೆ ನನಗೆ ಏನು ಸಾಲುತ್ತಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ಅದು ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ.

ಸಾಫ್ಟ್‌ವೇರ್ ಅನ್ನುವ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಎಷ್ಟು ಎಳೆದಿರಿ ಅನ್ನುವ ಲೆಕ್ಕ ಬರೆದಿಡುವುದು. ಇವತ್ತು ಏನು ಮಾಡಬೇಕು ಅಂತ ಹೇಳುವುದು. ಎಳೆಯುವ ಕ್ರಮ ತಿದ್ದುವುದು. ಜೊತೆ ಕೊಡುವುದು. ಕೊಳ್ಳುವಾಗ ನಾಲ್ಕಕ್ಕೂ ಸೇರಿಸಿ ದುಡ್ಡು ಕೊಡುತ್ತೇವೆ. ನಿಜವಾಗಿ ಬೇಕಾಗಿರುವುದು ಸಾಮಾನ್ಯವಾಗಿ ಒಂದೇ. ಕೆಲವೊಮ್ಮೆ ಅದು ಪುಕ್ಕಟೆಯಾಗಿಯೂ ಸಿಗುತ್ತದೆ.

ಆದರೆ ಈ ನಾಲ್ಕಕ್ಕೂ ಮುಂಚೆ ಇನ್ನೊಂದು ವಿಷಯ ಇದೆ. ಮಷಿನ್ ಸರಿಯಾಗಿ ಅಳೆಯದೇ ಇದ್ದದ್ದನ್ನು ಯಾವ ಸಾಫ್ಟ್‌ವೇರ್ ಕೂಡ ಸರಿ ಮಾಡಲಾರದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮಾನಿಟರ್ ಅಳೆಯುವುದು ಏನನ್ನು?

ಗಾಳಿಯ ಫ್ಯಾನ್ ಇರುವ ಮಷಿನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕಾನ್ಸೆಪ್ಟ್2. ಅಮೆರಿಕದ ವರ್ಮಾಂಟ್‌ನಲ್ಲಿ ಡ್ರೈಸಿಗಾಕರ್ ಅಣ್ಣತಮ್ಮಂದಿರು ಕಟ್ಟಿದ ಕಂಪನಿ ಅದು. ಮೊದಲು ಅವರು ಮಾಡುತ್ತಿದ್ದದ್ದು ದೋಣಿಯ ಹುಟ್ಟುಗಳನ್ನು. 1981ರಲ್ಲಿ ಬಂದ ಅವರ ಮೊದಲ ಮಷಿನ್‌ನಲ್ಲಿ ಫ್ಯಾನ್ ಜಾಗದಲ್ಲಿ ಇದ್ದದ್ದು ಒಂದು ಸೈಕಲ್ ಚಕ್ರ.

ಈ ಮಷಿನ್‌ನ ಮಾನಿಟರ್ ನಿಮ್ಮ ಕೈಯ ಬಲವನ್ನು ನೇರವಾಗಿ ಅಳೆಯುವುದಿಲ್ಲ. ಅದು ನೋಡುವುದು ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿದೆ ಅನ್ನೋದನ್ನು. ನೀವು ಎಳೆದಾಗ ಫ್ಯಾನ್ ವೇಗ ಏರುತ್ತದೆ. ಮುಂದಕ್ಕೆ ಜಾರಿ ಹೋಗುವಾಗ ಅದು ತಾನೇ ತಾನಾಗಿ ನಿಧಾನ ಆಗುತ್ತದೆ. ಈ ನಿಧಾನ ಆಗುವ ಬಗೆಯಲ್ಲೇ ಗುಟ್ಟು ಇದೆ. ಫ್ಯಾನ್ ಬೇಗ ನಿಧಾನವಾದರೆ ಗಾಳಿ ಜಾಸ್ತಿ ತಡೆಯುತ್ತಿದೆ ಅಂತ ಅರ್ಥ. ನಿಧಾನವಾಗಲು ಹೊತ್ತು ಹಿಡಿದರೆ ತಡೆ ಕಡಿಮೆ. ಮಾನಿಟರ್ ಇದನ್ನು ಪ್ರತಿ ಎಳೆತದಲ್ಲೂ ಹೊಸದಾಗಿ ಲೆಕ್ಕ ಹಾಕುತ್ತದೆ. ಆ ಅಂಕಿಗೆ ಡ್ರ್ಯಾಗ್ ಫ್ಯಾಕ್ಟರ್ ಅಂತ ಹೆಸರು.

ಫ್ಯಾನ್ ಪಕ್ಕದಲ್ಲಿ 1ರಿಂದ 10ರವರೆಗೆ ಒಂದು ಡ್ಯಾಂಪರ್ ಇರುತ್ತದೆ, ಅಲ್ವಾ? ತುಂಬ ಜನ ಅದನ್ನು 10ಕ್ಕೆ ಇಟ್ಟರೆ ಜಾಸ್ತಿ ವ್ಯಾಯಾಮ ಅಂದುಕೊಳ್ಳುತ್ತಾರೆ. ಅದು ಬರೀ ಗಾಳಿ ಒಳಗೆ ಬರುವ ಕಿಂಡಿ. ಒಳಗೆ ಧೂಳು ಕಟ್ಟಿದರೆ 10ರಲ್ಲಿ ಇಟ್ಟರೂ ಗಾಳಿ ಸರಿಯಾಗಿ ಹೋಗುವುದಿಲ್ಲ. ಮಾನಿಟರ್ ಮಾತ್ರ ಇದಕ್ಕೆಲ್ಲ ಮೋಸ ಹೋಗುವುದಿಲ್ಲ. ಕಿಂಡಿ ಎಷ್ಟೇ ತೆರೆದಿರಲಿ, ನೀವು ಹಾಕಿದ ಶಕ್ತಿ ಎಷ್ಟೋ ಅಷ್ಟನ್ನೇ ತೋರಿಸುತ್ತದೆ. ಅದಕ್ಕೇ ಒಂದು ಊರಿನವರ 2000 ಮೀಟರ್ ಟೈಮ್ ಅನ್ನು ಇನ್ನೊಂದು ದೇಶದವರ ಟೈಮ್ ಜೊತೆ ಹೋಲಿಸಲು ಆಗುವುದು. 2018ರಲ್ಲಿ ಶುರುವಾದ ವಿಶ್ವ ಇಂಡೋರ್ ರೋಯಿಂಗ್ ಚಾಂಪಿಯನ್‌ಷಿಪ್‌ನಂಥ ಸ್ಪರ್ಧೆಗಳು ನಡೆಯುವುದೂ ಈ ನಂಬಿಕೆಯ ಮೇಲೆಯೇ.

ಎಲ್ಲ ಮಷಿನ್‌ಗಳೂ ಹೀಗಿಲ್ಲ. ಮ್ಯಾಗ್ನೆಟ್‌ನಿಂದ ತಡೆ ಕೊಡುವ ಮಷಿನ್‌ಗಳಲ್ಲಿ ಹಲವು ಬರೀ ಎಳೆತಗಳನ್ನು ಎಣಿಸುತ್ತವೆ. ಒಂದು ಎಳೆತಕ್ಕೆ ಇಷ್ಟು ಮೀಟರ್ ಅಂತ ಗುಣಿಸಿ ದೂರ ತೋರಿಸುತ್ತವೆ. ಕೈಯಲ್ಲಿ ತಿರುಗಿಸುವ ನಾಬ್ ಇದ್ದರೆ, ನೀವು ಅದನ್ನು ಬದಲಿಸಿದ್ದೇ ಮಾನಿಟರ್‌ಗೆ ಗೊತ್ತಾಗುವುದಿಲ್ಲ.

ನಿಮ್ಮದು ಯಾವ ಥರದ್ದು ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಮಾಡಿ. ಐದು ನಿಮಿಷ, ನಿಮಿಷಕ್ಕೆ 20 ಎಳೆತದಂತೆ, ಜೋರಾಗಿ ಎಳೆಯಿರಿ. ದೂರ ಬರೆದುಕೊಳ್ಳಿ. ಸುಧಾರಿಸಿಕೊಂಡು ಮತ್ತೆ ಐದು ನಿಮಿಷ, ಅದೇ 20 ಎಳೆತ, ಆದರೆ ಮೆಲ್ಲಗೆ ಎಳೆಯಿರಿ. ಎರಡೂ ದೂರ ಹತ್ತಿರ ಹತ್ತಿರ ಒಂದೇ ಬಂದರೆ ನಿಮ್ಮ ಮಾನಿಟರ್ ಎಳೆತವನ್ನು ಎಣಿಸುತ್ತಿದೆ, ಶ್ರಮವನ್ನು ಅಳೆಯುತ್ತಿಲ್ಲ. ಅಂಥ ಮಷಿನ್‌ಗೆ ವ್ಯಾಟ್, ವೇಗ, ರೇಸ್ ಅಂತೆಲ್ಲ ಇರುವ ಸಾಫ್ಟ್‌ವೇರ್ ಕೊಳ್ಳುವುದು ನನ್ನ ಪ್ರಕಾರ ದುಡ್ಡು ಕಳೆದುಕೊಂಡ ಹಾಗೆ. ಪರದೆ ಎಷ್ಟು ಚೆಂದ ಇದ್ದರೇನು, ಒಳಗೆ ಹೋಗುವ ಅಂಕಿಯೇ ಸರಿ ಇಲ್ಲವಲ್ಲ. ಅದರ ಬದಲು ಎದೆಗೆ ಕಟ್ಟುವ ಒಂದು ಹಾರ್ಟ್ ರೇಟ್ ಬೆಲ್ಟ್ ತಗೊಳ್ಳಿ. ಮಷಿನ್ ಹೇಳದ್ದನ್ನು ನಿಮ್ಮ ಹೃದಯ ಹೇಳುತ್ತದೆ.

ಒಂದು ಚಿಕ್ಕ ಲೆಕ್ಕ

ಯಾವ ಸಾಫ್ಟ್‌ವೇರ್ ತೆಗೆದರೂ ಎರಡು ಅಂಕಿ ಎದುರಿಗೆ ಬರುತ್ತವೆ. ಒಂದು ಸ್ಪ್ಲಿಟ್, ಅಂದರೆ 500 ಮೀಟರ್‌ಗೆ ಎಷ್ಟು ಹೊತ್ತು ಅನ್ನುವುದು. ಇನ್ನೊಂದು ವ್ಯಾಟ್. ಇವೆರಡರ ನಂಟು ಗೊತ್ತಿಲ್ಲದಿದ್ದರೆ ಯಾವ ಪ್ಲಾನ್ ಕೊಂಡರೂ ಗೊಂದಲವೇ. ಹಾಗಾಗಿ ಸ್ವಲ್ಪ ಇಲ್ಲಿ ನಿಲ್ಲೋಣ.

ಕಾನ್ಸೆಪ್ಟ್2 ಬಳಸುವ ಸೂತ್ರ ಹೀಗಿದೆ. ಒಂದು ಮೀಟರ್‌ಗೆ ಎಷ್ಟು ಸೆಕೆಂಡ್ ಆಗುತ್ತದೋ ಅದನ್ನು ಮೂರು ಸಲ ಗುಣಿಸಿ, ಅಂದರೆ ಅದರ ಘನ ತೆಗೆಯಿರಿ. 2.80ನ್ನು ಅದರಿಂದ ಭಾಗಿಸಿ. ಬಂದದ್ದೇ ವ್ಯಾಟ್. 500 ಮೀಟರ್‌ಗೆ 2 ನಿಮಿಷ 30 ಸೆಕೆಂಡ್ ಅಂದರೆ ಮೀಟರ್‌ಗೆ 0.30 ಸೆಕೆಂಡ್. ಲೆಕ್ಕ ಹಾಕಿದರೆ ಸುಮಾರು 104 ವ್ಯಾಟ್. 500 ಮೀಟರ್‌ಗೆ 2 ನಿಮಿಷ ಅಂದರೆ ಸುಮಾರು 203 ವ್ಯಾಟ್. ಗಮನಿಸಿ. ಟೈಮ್‌ನಲ್ಲಿ 30 ಸೆಕೆಂಡ್ ಮಾತ್ರ ಕಡಿಮೆ ಆಯಿತು. ಶ್ರಮ ಹತ್ತಿರ ಹತ್ತಿರ ಎರಡು ಪಟ್ಟು ಆಯಿತು! ಇನ್ನೂ 15 ಸೆಕೆಂಡ್ ಇಳಿಸಿ 1:45ಕ್ಕೆ ತಂದರೆ 302 ವ್ಯಾಟ್ ಬೇಕು.

ಎರಡು ತಿಂಗಳು ಕಷ್ಟಪಟ್ಟು ಎಳೆದು ಸ್ಪ್ಲಿಟ್ ಬರೀ ಮೂರು ಸೆಕೆಂಡ್ ಇಳಿಯಿತು ಅಂತ ಬೇಸರ ಪಟ್ಟುಕೊಳ್ಳುವವರನ್ನು ನಾನು ತುಂಬ ನೋಡಿದ್ದೇನೆ. ಅವರಿಗೆ ಈ ಲೆಕ್ಕ ಗೊತ್ತಿದ್ದರೆ ಬೇಸರದ ಬದಲು ಖುಷಿ ಆಗುತ್ತಿತ್ತು. 2:30ರಿಂದ 2:27ಕ್ಕೆ ಇಳಿಯುವುದು ಅಂದರೆ ಶಕ್ತಿ ಶೇಕಡ 6ರಷ್ಟು ಏರಿದ ಹಾಗೆ. ಅದು ಸಣ್ಣ ಮಾತಲ್ಲ.

ಕ್ಯಾಲೊರಿ ಅಂಕಿಯ ಬಗ್ಗೆಯೂ ಒಂದು ಮಾತು. ಇದೇ ಮಾನಿಟರ್‌ನಲ್ಲಿ ಗಂಟೆಗೆ ಎಷ್ಟು ಕ್ಯಾಲೊರಿ ಅನ್ನೋದು ವ್ಯಾಟ್‌ನಿಂದ ಬರುತ್ತದೆ. ಅದರ ಮೇಲೆ ಎಲ್ಲರಿಗೂ ಒಂದೇ ಥರ 300 ಸೇರಿಸುತ್ತಾರೆ. ಆ ಲೆಕ್ಕಕ್ಕೆ ಇಟ್ಟುಕೊಂಡಿರುವ ಮನುಷ್ಯನ ತೂಕ 175 ಪೌಂಡ್, ಅಂದರೆ ಸುಮಾರು 79 ಕಿಲೊ. ನೀವು 55 ಕಿಲೊ ಇದ್ದರೂ ಮಾನಿಟರ್ ಅದೇ ಅಂಕಿ ತೋರಿಸುತ್ತದೆ. ತೂಕ ಇಳಿಸಲು ಎಳೆಯುತ್ತಿದ್ದರೆ ಇದು ನೆನಪಿರಲಿ. ತೂಕ ಹಾಕಿ ಈ ಅಂಕಿಯನ್ನು ತಿದ್ದಿಕೊಳ್ಳುವ ಕ್ಯಾಲ್ಕ್ಯುಲೇಟರ್ ಅನ್ನು ಕಂಪನಿಯೇ ಪುಕ್ಕಟೆ ಕೊಟ್ಟಿದೆ.

ಲೆಕ್ಕ ಬರೆದಿಡಲು ದುಡ್ಡು ಕೊಡಬೇಡಿ

ಈ ಕೆಲಸಕ್ಕೆ ಹೆಚ್ಚು ಮಾತು ಬೇಡ. 2014ರಲ್ಲಿ ಬಂದ ಕಾನ್ಸೆಪ್ಟ್2 ಕಂಪನಿಯ ಪಿಎಂ5 ಮಾನಿಟರ್‌ನಲ್ಲಿ ಬ್ಲೂಟೂತ್ ಇದೆ. ಎರ್ಗ್‌ಡೇಟಾ ಅನ್ನುವ ಪುಕ್ಕಟೆ ಆ್ಯಪ್ ಅದರ ಜೊತೆ ಮಾತಾಡುತ್ತದೆ. ಎಳೆದು ಮುಗಿದ ತಕ್ಷಣ ಎಲ್ಲವೂ ಆನ್‌ಲೈನ್ ಲಾಗ್‌ಬುಕ್‌ಗೆ ಹೋಗುತ್ತದೆ. ಅದೂ ಪುಕ್ಕಟೆ. ಫೋನ್ ಬೇಡ ಅನ್ನುವವರು ಮಾನಿಟರ್‌ಗೆ ಪೆನ್‌ಡ್ರೈವ್ ಸಿಕ್ಕಿಸಬಹುದು. ಹಿಂದಿನ ಪಿಎಂ3, ಪಿಎಂ4 ಇದ್ದರೆ ಬ್ಲೂಟೂತ್ ಇಲ್ಲ, ಕೇಬಲ್ ಬೇಕು. ಬೇರೆ ಕಂಪನಿಯ ಮಷಿನ್ ಇದ್ದರೆ ಅದರ ಜೊತೆ ಬರುವ ಆ್ಯಪ್ ಇಷ್ಟನ್ನು ಮಾಡುತ್ತದೆಯೇ ನೋಡಿ. ಏನೂ ಇಲ್ಲದಿದ್ದರೆ ಒಂದು ನೋಟ್‌ಬುಕ್ ಇಡಿ. ತಾರೀಖು, ಹೊತ್ತು, ದೂರ, ನಿಮಿಷಕ್ಕೆ ಎಷ್ಟು ಎಳೆತ, ಮೈ ಹೇಗಿತ್ತು. ಐದು ಕಾಲಂ ಸಾಕು. ಕೊನೆಯ ಕಾಲಂ ಅನ್ನು ಯಾವ ಆ್ಯಪ್ ಕೂಡ ನಿಮಗಿಂತ ಚೆನ್ನಾಗಿ ತುಂಬಲಾರದು.

ಪ್ಲಾನ್: ತಡೆದು ನಿಲ್ಲಿಸುವುದೇ ಅದರ ದೊಡ್ಡ ಕೆಲಸ

ಮನೆಯಲ್ಲಿ ಒಬ್ಬರೇ ಎಳೆಯುವವರು ಮಾಡುವ ತಪ್ಪು ಒಂದೇ. ದಿನಾ ಒಂದೇ ಥರ ಎಳೆಯುವುದು. ಅತ್ತ ಪೂರ್ತಿ ಜೋರೂ ಅಲ್ಲ, ಇತ್ತ ನಿಧಾನವೂ ಅಲ್ಲ. ಇಪ್ಪತ್ತು ನಿಮಿಷ ಏದುಸಿರು ಬಿಡುತ್ತಾ ಎಳೆದು, ನಿನ್ನೆಗಿಂತ ಹತ್ತು ಮೀಟರ್ ಜಾಸ್ತಿ ಆಯಿತಾ ಅಂತ ನೋಡುವುದು. ನಾನೂ ಮೊದಲ ನಾಲ್ಕು ತಿಂಗಳು ಮಾಡಿದ್ದು ಇದನ್ನೇ. ಮೊದಲು ಬೇಗ ಬೇಗ ಏರುತ್ತದೆ. ಆಮೇಲೆ ನಿಂತು ಹೋಗುತ್ತದೆ. ಆಮೇಲೆ ಮಷಿನ್ ಹತ್ತಲು ಮನಸ್ಸೇ ಬರುವುದಿಲ್ಲ.

ವ್ಯಾಯಾಮ ವಿಜ್ಞಾನಿ ಸ್ಟೀಫನ್ ಸೀಲರ್ ದೊಡ್ಡ ಮಟ್ಟದ ಕ್ರೀಡಾಪಟುಗಳು ಹೇಗೆ ಅಭ್ಯಾಸ ಮಾಡುತ್ತಾರೆ ಅಂತ ವರ್ಷಗಟ್ಟಲೆ ನೋಡಿದವರು. ರೋಯಿಂಗ್, ಸ್ಕೀಯಿಂಗ್, ಓಟದಂಥ ದೀರ್ಘ ದಮ್ಮಿನ ಆಟಗಳಲ್ಲಿ ಅವರು ಕಂಡದ್ದು ಹೆಚ್ಚುಕಡಿಮೆ ಒಂದೇ ಚಿತ್ರ. ಹತ್ತರಲ್ಲಿ ಎಂಟು ಸಲ ಅವರು ಆರಾಮಾಗಿ, ಮಾತಾಡಿಕೊಂಡು ಮಾಡಬಹುದಾದಷ್ಟು ನಿಧಾನಕ್ಕೆ ಅಭ್ಯಾಸ ಮಾಡುತ್ತಾರೆ. ಉಳಿದ ಎರಡು ಸಲ ನಿಜಕ್ಕೂ ಜೋರು. ಅವರು ವಾರದಲ್ಲಿ ಹತ್ತು ಹನ್ನೆರಡು ಸಲ ಮಾಡುತ್ತಾರೆ, ನಾವು ಮೂರು ಸಲ ಮಾಡುತ್ತೇವೆ, ಹಾಗಾಗಿ ಇದನ್ನೇ ಅಳತೆ ಮಾಡಿ ತರಲು ಆಗುವುದಿಲ್ಲ. ಆದರೂ ನಿಧಾನದ ದಿನ ನಿಧಾನ, ಜೋರಿನ ದಿನ ಜೋರು ಅನ್ನುವುದು ಎಲ್ಲರಿಗೂ ನಡೆಯುತ್ತದೆ.

ಒಳ್ಳೆಯ ಪ್ಲಾನ್ ನಿಮಗೆ ಕೊಡುವುದು ಇದನ್ನೇ. ಒಂದು ಉದಾಹರಣೆ ನೋಡಿ. ನಿಮ್ಮ 2000 ಮೀಟರ್ ಟೈಮ್ 8 ನಿಮಿಷ ಅಂತ ಇಟ್ಟುಕೊಳ್ಳೋಣ. ಸ್ಪ್ಲಿಟ್ 2:00, ಅಂದರೆ 203 ವ್ಯಾಟ್. ನಿಧಾನದ ದಿನ ಅದರ ಶೇಕಡ 55ರಷ್ಟು ಎಳೆಯಬೇಕು ಅಂದರೆ ಸುಮಾರು 111 ವ್ಯಾಟ್. ಸ್ಪ್ಲಿಟ್ ಲೆಕ್ಕದಲ್ಲಿ ಅದು 2:27ರ ಹತ್ತಿರ. ಪ್ಲಾನ್ ಇಲ್ಲದೆ ಕೂತರೆ ಕೈ ತಾನಾಗಿಯೇ 2:12, 2:15ಕ್ಕೆ ಹೋಗುತ್ತದೆ. ಇವತ್ತು 2:27, ಅದಕ್ಕಿಂತ ಜೋರು ಬೇಡ ಅಂತ ಯಾರಾದರೂ ಹೇಳಬೇಕು. ಆ ಯಾರಾದರೂ ಒಂದು ಆ್ಯಪ್ ಆಗಿರಬಹುದು. ಗೋಡೆಗೆ ಅಂಟಿಸಿದ ಒಂದು ಹಾಳೆಯೂ ಆಗಿರಬಹುದು.

ಹಾಳೆ ಸಾಕು ಅನ್ನುವವರಿಗೆ ಪುಕ್ಕಟೆ ಪ್ಲಾನ್‌ಗಳು ಬೇಕಾದಷ್ಟಿವೆ. ಪೀಟ್ ಪ್ಲಾನ್ ಅನ್ನುವುದು ವರ್ಷಗಳಿಂದ ಚಾಲ್ತಿಯಲ್ಲಿದೆ. ಹೊಸಬರಿಗೆ ಅಂತಲೇ 24 ವಾರಗಳ ಪಾಠ ಅದರಲ್ಲಿ ಇದೆ. ಅದರ ಮುಖ್ಯ ಪ್ಲಾನ್‌ನ ಒಂದು ದಿನ ಹೀಗಿರುತ್ತದೆ: 500 ಮೀಟರ್ ಎಂಟು ಸಲ, ನಡುವೆ ಮೂರೂವರೆ ನಿಮಿಷ ವಿಶ್ರಾಂತಿ. ಇದನ್ನು ಪಿಎಂ5ಗೆ ನೇರವಾಗಿ ತುಂಬಬಹುದು. ಎಳೆಯುವ ಹೊತ್ತು, ಬಿಡುವಿನ ಹೊತ್ತು ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಕಾನ್ಸೆಪ್ಟ್2 ದಿನಾ ಒಂದು ವರ್ಕೌಟ್ ಕೊಡುತ್ತದೆ. ಚಿಕ್ಕದು, ನಡುವಿನದು, ಉದ್ದದ್ದು ಅಂತ ಮೂರು ಅಳತೆಯಲ್ಲಿ. ಬ್ರಿಟಿಷ್ ರೋಯಿಂಗ್ ಸಂಸ್ಥೆ ವಿಡಿಯೊ ನೋಡಿಕೊಂಡು ಮಾಡುವ ಪಾಠಗಳನ್ನು ಪುಕ್ಕಟೆ ಹಾಕಿದೆ.

ಹಾಗಾದರೆ ಪ್ಲಾನ್‌ಗೆ ದುಡ್ಡು ಯಾವಾಗ ಕೊಡಬೇಕು? ಆ್ಯಪ್ ನಿಮ್ಮ ಫಲಿತಾಂಶ ನೋಡಿ ಮುಂದಿನ ವಾರವನ್ನು ನಿಜವಾಗಿ ಬದಲಿಸುತ್ತಿದ್ದರೆ ಕೊಡಬಹುದು. ಎರಡು ದಿನ ತಪ್ಪಿಸಿದಿರಿ ಅಂತ ಇಟ್ಟುಕೊಳ್ಳಿ. ಒಳ್ಳೆಯದಾದರೆ ಅದು ಹಿಂದಿನ ಹಂತಕ್ಕೆ ಇಳಿಸುತ್ತದೆ. ಬರೀ ಪಟ್ಟಿ ಆದರೆ ಏನೂ ಆಗದ ಹಾಗೆ ಮುಂದಿನ ದಿನವನ್ನು ತೋರಿಸುತ್ತದೆ. ಟ್ರಯಲ್ ಅವಧಿಯಲ್ಲಿ ಬೇಕಂತಲೇ ಎರಡು ದಿನ ತಪ್ಪಿಸಿ ನೋಡಿ. ಗೊತ್ತಾಗಿಬಿಡುತ್ತದೆ.

ಎಳೆಯುವ ಕ್ರಮವನ್ನು ಆ್ಯಪ್ ತಿದ್ದುತ್ತದೆಯಾ?

ಇಲ್ಲಿ ನನಗೆ ತುಂಬ ಹೇಳಬೇಕು ಅನ್ನಿಸುತ್ತದೆ. ಬೆನ್ನು ನೋವು ಅಂತ ಮಷಿನ್ ಬಿಟ್ಟವರನ್ನು ನೋಡಿದ್ದೇನೆ. ಅವರಲ್ಲಿ ಕೆಲವರು ಆ್ಯಪ್‌ನ ತರಗತಿಗಳನ್ನು ತಪ್ಪದೇ ಮಾಡುತ್ತಿದ್ದವರು.

ಪರದೆಯಲ್ಲಿ ಕಾಣುವ ಕೋಚ್ ಚೆನ್ನಾಗಿ ಹೇಳಿಕೊಡುತ್ತಾರೆ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ. ವಾಪಸ್ ಹೋಗುವಾಗ ಮೊದಲು ಕೈ, ಆಮೇಲೆ ಬೆನ್ನು, ಕೊನೆಗೆ ಮಂಡಿ. ಎಲ್ಲ ಸರಿ. ಆದರೆ ಅವರಿಗೆ ನೀವು ಕಾಣುವುದಿಲ್ಲ. ನೀವು ಬೆನ್ನು ಬಾಗಿಸಿ ಎಳೆದರೂ ಅವರು ಭೇಷ್ ಅನ್ನುತ್ತಾರೆ. ರೆಕಾರ್ಡ್ ಆದ ವಿಡಿಯೊ ಅಲ್ವಾ, ಅವರಾದರೂ ಏನು ಮಾಡಿಯಾರು.

ಬ್ಲೂಟೂತ್‌ನಲ್ಲಿ ಆ್ಯಪ್‌ಗೆ ಹೋಗುವ ಮಾಹಿತಿ ಕಡಿಮೆ ಏನಲ್ಲ. ಎಷ್ಟು ಉದ್ದ ಎಳೆದಿರಿ, ಎಳೆಯಲು ಎಷ್ಟು ಹೊತ್ತು, ವಾಪಸ್ ಹೋಗಲು ಎಷ್ಟು ಹೊತ್ತು, ಬಲದ ತುದಿ ಎಷ್ಟು ಅನ್ನುವುದೆಲ್ಲ ಹೋಗುತ್ತದೆ. ಇದೆಲ್ಲ ಹ್ಯಾಂಡಲ್‌ನ ಕಥೆ. ಬೆನ್ನಿನ ಕಥೆ ಅಲ್ಲ. ವ್ಯಾಯಾಮದ ಮಷಿನ್ ಮಾಡುವ ಪೆಲೊಟಾನ್ ಕಂಪನಿ 2022ರಲ್ಲಿ ತಂದ ರೋಯಿಂಗ್ ಮಷಿನ್‌ನಲ್ಲಿ ಸೆನ್ಸರ್‌ಗಳ ಸಹಾಯದಿಂದ ಮೈಯ ಚಲನೆಯ ತಪ್ಪು ತೋರಿಸುವ ಏರ್ಪಾಡು ಇದೆ. ಅದು ಆ ಮಷಿನ್‌ನದೇ ಭಾಗ. ಬೇರೆ ಮಷಿನ್‌ಗೆ ಬೇಕೆಂದರೆ ಸಿಗುವಂಥದ್ದಲ್ಲ.

ಮಾನಿಟರ್‌ನಲ್ಲೇ ಪುಕ್ಕಟೆ ಇರುವ, ಆದರೆ ಹೆಚ್ಚಿನವರು ತೆರೆದೂ ನೋಡದ ಒಂದು ಪರದೆ ಇದೆ. ಅದೇ ಫೋರ್ಸ್ ಕರ್ವ್. ನೀವು ಎಳೆದಾಗಲೆಲ್ಲ ಒಂದು ಗುಡ್ಡದ ಚಿತ್ರ ಮೂಡುತ್ತದೆ. ಕ್ರಮ ಸರಿ ಇದ್ದರೆ ಗುಡ್ಡ ಎಡಗಡೆ ಬೇಗ ಏರಿ, ಮೇಲೆ ದುಂಡಗಾಗಿ, ಬಲಗಡೆಗೆ ನುಣ್ಣಗೆ ಇಳಿಯುತ್ತದೆ. ಗುಡ್ಡದ ನಡುವೆ ತಗ್ಗು ಬಿದ್ದು ಎರಡು ಶಿಖರ ಕಂಡರೆ, ಕಾಲಿನ ಕೆಲಸ ಮುಗಿದ ಮೇಲೆ ಬೆನ್ನು ತಡವಾಗಿ ಎದ್ದಿದೆ ಅಂತ ಅರ್ಥ. ಎರಡರ ನಡುವೆ ಬಲ ಸೋರಿ ಹೋಗಿದೆ. ಶುರುವಿನಲ್ಲೇ ಮುಳ್ಳಿನ ಹಾಗೆ ಚೂಪಾಗಿ ಎದ್ದು ತಕ್ಷಣ ಬಿದ್ದರೆ, ಹ್ಯಾಂಡಲ್ ಅನ್ನು ಜಗ್ಗುತ್ತಿದ್ದೀರಿ. ದಿನಾ ಹತ್ತು ನಿಮಿಷ ಈ ಗುಡ್ಡ ನೋಡಿಕೊಂಡು, ನಿಮಿಷಕ್ಕೆ 18 ಎಳೆತದಲ್ಲಿ, ಅದನ್ನು ನುಣ್ಣಗೆ ಮಾಡಲು ಪ್ರಯತ್ನಿಸಿ. ನನಗೆ ಯಾವ ತರಗತಿಯೂ ಕಲಿಸದ್ದನ್ನು ಇದು ಒಂದು ತಿಂಗಳಲ್ಲಿ ಕಲಿಸಿತು.

ಬೆನ್ನಿಗೆ ಬೇಕಾಗಿರುವುದು ಕ್ಯಾಮೆರಾ. ಫೋನನ್ನು ಪಕ್ಕದಲ್ಲಿ, ಸೊಂಟದ ಎತ್ತರಕ್ಕೆ ಇಟ್ಟು ಮೂರು ನಿಮಿಷ ವಿಡಿಯೊ ಮಾಡಿ. ಆಮೇಲೆ ನಿಧಾನಗತಿಯಲ್ಲಿ ನೋಡಿ. ಸೀಟ್ ಹಿಂದಕ್ಕೆ ಸರಿದಷ್ಟೇ ಹ್ಯಾಂಡಲ್ ಕೂಡ ಬರುತ್ತಿದೆಯಾ? ಸೀಟ್ ಮೊದಲು ಓಡಿ ಹ್ಯಾಂಡಲ್ ಅಲ್ಲೇ ಉಳಿದರೆ ಭಾರವೆಲ್ಲ ಆಮೇಲೆ ಸೊಂಟಕ್ಕೆ ಬೀಳುತ್ತದೆ. ವಾಪಸ್ ಹೋಗುವಾಗ ಕೈ ಮಂಡಿ ದಾಟುವ ತನಕ ಮಂಡಿ ಕೆಳಗೇ ಇದೆಯಾ? ಇಲ್ಲದಿದ್ದರೆ ಹ್ಯಾಂಡಲ್ ಮಂಡಿಯನ್ನು ಸುತ್ತಿಕೊಂಡು ಹೋಗಬೇಕಾಗುತ್ತದೆ. ಮುಂದೆ ಬಂದಾಗ ಬೆನ್ನು ಸೊಂಟದಿಂದ ಬಾಗಿದೆಯಾ, ಇಲ್ಲ ನಡುಬೆನ್ನು ಬಿಲ್ಲಿನ ಹಾಗೆ ಆಗಿದೆಯಾ? ಇಷ್ಟು ನೋಡಿದರೆ ಸಾಕು. ಚಂದಾಕ್ಕೆ ಎತ್ತಿಟ್ಟ ದುಡ್ಡು ಇದ್ದರೆ, ಈ ವಿಡಿಯೊವನ್ನು ಗೊತ್ತಿರುವ ಒಬ್ಬ ಕೋಚ್‌ಗೆ ತೋರಿಸಿ ಅರ್ಧ ಗಂಟೆ ಮಾತಾಡಲು ಅದನ್ನು ಬಳಸಿ. ಕ್ರಮ ತಿದ್ದುವ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ನನಗೆ ಗೊತ್ತಿಲ್ಲ.

ಜೊತೆ: ಇಲ್ಲಿ ದುಡ್ಡಿಗೆ ಬೆಲೆ ಇದೆ

ನಾನು ಎರಡನೇ ಸಲ ಕೊಂಡಿದ್ದು ಇದಕ್ಕಾಗಿ. ನನ್ನ ಲೆಕ್ಕ ಸರಿ ಇತ್ತು, ಪ್ಲಾನ್ ಇತ್ತು, ಗುಡ್ಡವೂ ನುಣ್ಣಗಾಗಿತ್ತು. ಆದರೆ ವಾರದಲ್ಲಿ ಎರಡು ದಿನ ನಲವತ್ತು ನಿಮಿಷ ಗೋಡೆ ನೋಡಿಕೊಂಡು ನಿಧಾನಕ್ಕೆ ಎಳೆಯುವುದು ಆಗುತ್ತಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಏಳುತ್ತಿದ್ದೆ. ನಿಧಾನದ ಎಳೆತ ಮೈಗೆ ಒಳ್ಳೆಯದು ಅಂತ ಗೊತ್ತಿದ್ದರೂ ಮನಸ್ಸು ಕೂರುತ್ತಿರಲಿಲ್ಲ.

ಇದಕ್ಕೆ ಬೇರೆ ಬೇರೆ ದಾರಿಗಳಿವೆ. ಕಿನೋಮ್ಯಾಪ್ ಅನ್ನುವ ಆ್ಯಪ್‌ನಲ್ಲಿ ನಿಜವಾದ ನದಿ, ಸರೋವರಗಳ ವಿಡಿಯೊ ನಿಮ್ಮ ವೇಗಕ್ಕೆ ತಕ್ಕ ಹಾಗೆ ಸಾಗುತ್ತದೆ. ಇಎಕ್ಸ್‌ಆರ್ ಒಂದು ಆಟದ ಥರ. ಪರದೆಯಲ್ಲಿ ನಿಮ್ಮದೊಂದು ದೋಣಿ, ಪಕ್ಕದಲ್ಲಿ ಬೇರೆಯವರ ದೋಣಿಗಳು. ಹಿಂದೆ ವಿಂಡೋಸ್ ಕಂಪ್ಯೂಟರ್‌ಗೆ ಕೇಬಲ್ ಹಾಕಿ ರೋಪ್ರೋ ಅನ್ನುವ ಪ್ರೋಗ್ರಾಂನಲ್ಲಿ ಜನ ಬೇರೆ ದೇಶದವರ ಜೊತೆ ರೇಸ್ ಮಾಡುತ್ತಿದ್ದರು. ಹೈಡ್ರೋ, ಪೆಲೊಟಾನ್ ಮಷಿನ್‌ಗಳಲ್ಲಿ ಪರದೆ ಜೊತೆಗೇ ಬರುತ್ತದೆ. ಚಂದಾ ನಿಲ್ಲಿಸಿದರೆ ತರಗತಿಗಳು ಹೋಗುತ್ತವೆ, ಬರೀ ಎಳೆಯುವುದು ಉಳಿಯುತ್ತದೆ. ಅಂಥ ಮಷಿನ್ ಕೊಳ್ಳುವವರು ಚಂದಾವನ್ನೂ ಮಷಿನ್‌ನ ಬೆಲೆಯ ಒಳಗೇ ಲೆಕ್ಕ ಹಾಕಬೇಕು. ಐದು ವರ್ಷದ ಚಂದಾ ಕೂಡಿಸಿ ನೋಡಿ. ಆಗ ನಿಜವಾದ ಬೆಲೆ ಗೊತ್ತಾಗುತ್ತದೆ.

ಪುಕ್ಕಟೆ ಜೊತೆಯೂ ಇದೆ. ಕಾನ್ಸೆಪ್ಟ್2 ಲಾಗ್‌ಬುಕ್‌ನಲ್ಲಿ ವಯಸ್ಸು, ತೂಕ, ದೂರದ ಪ್ರಕಾರ ಜಗತ್ತಿನ ರ‍್ಯಾಂಕಿಂಗ್ ಇದೆ. ಅದರ ವರ್ಷ ಮೇ 1ಕ್ಕೆ ಶುರುವಾಗಿ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ನವೆಂಬರ್ ಕೊನೆಯಿಂದ ಡಿಸೆಂಬರ್ 24ರವರೆಗೆ 100 ಅಥವಾ 200 ಕಿಲೊಮೀಟರ್ ಎಳೆಯುವ ಸವಾಲು ಇರುತ್ತದೆ. ಹತ್ತು ಲಕ್ಷ ಮೀಟರ್ ಮುಟ್ಟಿದವರಿಗೆ ಅಂತಲೇ ಒಂದು ಕ್ಲಬ್ ಇದೆ. ಪಿಎಂ5ನಲ್ಲಿ ನಿಮ್ಮದೇ ಹಳೆಯ ವರ್ಕೌಟ್ ವಿರುದ್ಧ ರೇಸ್ ಮಾಡಬಹುದು. ಹೋದ ತಿಂಗಳಿನ ನೀವು ಪಕ್ಕದಲ್ಲಿ ಎಳೆಯುತ್ತಿರುತ್ತೀರಿ. ಮಕ್ಕಳಿಗೆ ಮೀನಿನ ಆಟವೂ ಇದೆ.

ಇದೆಲ್ಲ ಸಾಕಾಗುವವರು ತುಂಬ ಜನ. ನನಗೆ ಸಾಕಾಗಲಿಲ್ಲ. ನನಗೆ ಬೇಕಿದ್ದದ್ದು ಅದೇ ಹೊತ್ತಿಗೆ ಇನ್ನೊಬ್ಬರು ಎಳೆಯುತ್ತಿದ್ದಾರೆ ಅನ್ನುವ ಅನುಭವ. ದೂರದಲ್ಲಿರುವ ನನ್ನ ಅಣ್ಣನೂ ನಾನೂ ಒಂದೇ ಆ್ಯಪ್ ತಗೊಂಡೆವು. ಬೆಳಿಗ್ಗೆ ಆರಕ್ಕೆ ಇಬ್ಬರ ದೋಣಿಗಳೂ ಒಂದೇ ನೀರಿನಲ್ಲಿ. ಈಗ ಐವತ್ತು ನಿಮಿಷ ಎಳೆದರೂ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ನಿಮ್ಮನ್ನು ಮಷಿನ್‌ನಿಂದ ದೂರ ಇಡುತ್ತಿರುವುದು ಒಂಟಿತನ ಅಥವಾ ಬೇಸರ ಆಗಿದ್ದರೆ ಕೊಳ್ಳಿ. ಆ ದುಡ್ಡು ಹಾಳಾಗುವುದಿಲ್ಲ.

ಕೊಳ್ಳುವ ಮುಂಚೆ ಕೇಳಬೇಕಾದ್ದು

ಮೊದಲನೆಯದು, ನಿಮ್ಮ ಮಷಿನ್ ಆ ಆ್ಯಪ್ ಜೊತೆ ಮಾತಾಡುತ್ತದೆಯಾ? ಬ್ಲೂಟೂತ್ ಇದೆ ಅಂದ ಮಾತ್ರಕ್ಕೆ ಎಲ್ಲದರ ಜೊತೆ ಸೇರುತ್ತದೆ ಅಂತ ಅಲ್ಲ. 2017ರಲ್ಲಿ ವ್ಯಾಯಾಮದ ಮಷಿನ್‌ಗಳಿಗಾಗಿ ಎಫ್‌ಟಿಎಂಎಸ್ ಅನ್ನುವ ಒಂದು ಸಾಮಾನ್ಯ ಬ್ಲೂಟೂತ್ ಭಾಷೆ ಬಂತು. ನಿಮ್ಮ ಮಷಿನ್‌ನ ವಿವರದಲ್ಲಿ ಈ ಹೆಸರು ಇದ್ದರೆ ಹಲವು ಆ್ಯಪ್‌ಗಳ ಜೊತೆ ನಡೆಯುತ್ತದೆ. ಇಲ್ಲದಿದ್ದರೆ ಕಂಪನಿಯ ಆ್ಯಪ್ ಒಂದೇ ಗತಿ ಆಗಬಹುದು. ವಾಟರ್‌ರೋವರ್‌ನ ಎಸ್4 ಮಾನಿಟರ್‌ನಂಥವಕ್ಕೆ ಬ್ಲೂಟೂತ್‌ಗಾಗಿ ಬೇರೆ ಮಾಡ್ಯೂಲ್ ಹಾಕಬೇಕು. ಕೈಯಲ್ಲಿ ಸ್ವಲ್ಪ ಕೆಲಸ ಇದ್ದವರಿಗೆ ಇನ್ನೊಂದು ದಾರಿ ಇದೆ. ಓಪನ್ ರೋಯಿಂಗ್ ಮಾನಿಟರ್ ಅನ್ನುವ ಪುಕ್ಕಟೆ ಪ್ರೋಗ್ರಾಂ. ಒಂದು ರಾಸ್ಪ್‌ಬೆರಿ ಪೈ ಪುಟ್ಟ ಕಂಪ್ಯೂಟರ್ ಮತ್ತು ಒಂದು ಸೆನ್ಸರ್ ಇದ್ದರೆ ಹಳೆಯ ಮಷಿನ್‌ಗೂ ಹೊಸ ಮಾನಿಟರ್ ಕಟ್ಟಬಹುದು.

ಎರಡನೆಯದು, ನಿಮ್ಮ ಲೆಕ್ಕ ನಿಮ್ಮ ಕೈಗೆ ಸಿಗುತ್ತದೆಯಾ? ಇದನ್ನು ನಾನು ನೋವಿನಿಂದ ಕಲಿತೆ. ನಾನು ಬಳಸುತ್ತಿದ್ದ ಒಂದು ಆ್ಯಪ್ ಒಂದು ದಿನ ಮುಚ್ಚಿಹೋಯಿತು. ಹದಿನಾಲ್ಕು ತಿಂಗಳ ದಾಖಲೆ ಅದರ ಜೊತೆಗೇ ಹೋಯಿತು. ಮೊದಲ ಸಲ 5 ಕಿಲೊಮೀಟರ್ ಮುಗಿಸಿದ ದಿನ, ಜ್ವರ ಬಿಟ್ಟ ಮೇಲೆ ಮತ್ತೆ ಹತ್ತಿದ ದಿನ, ಎಲ್ಲ ಅದರಲ್ಲಿತ್ತು. ಈಗ ಯಾವ ಆ್ಯಪ್ ಆದರೂ ಮೊದಲು ಹುಡುಕುವುದು ಎಕ್ಸ್‌ಪೋರ್ಟ್ ಬಟನ್. ಸಿಎಸ್‌ವಿ, ಎಫ್‌ಐಟಿ ಅಥವಾ ಟಿಸಿಎಕ್ಸ್ ಫೈಲ್ ಆಗಿ ಇಳಿಸಿಕೊಳ್ಳಲು ಬರಬೇಕು. ಕಾನ್ಸೆಪ್ಟ್2 ಲಾಗ್‌ಬುಕ್‌ನಿಂದ ಈ ಮೂರೂ ಬರುತ್ತವೆ. ಬೇರೆ ಆ್ಯಪ್‌ನಲ್ಲಿ ಎಳೆದರೂ ದಾಖಲೆ ಅಲ್ಲಿಗೂ ಹೋಗುವಂತೆ ಜೋಡಿಸಿದ್ದೇನೆ.

ಮೂರನೆಯದು, ಟ್ರಯಲ್ ಯಾವಾಗ ಶುರು ಮಾಡಬೇಕು ಅನ್ನುವುದು. ಮಷಿನ್ ಬಂದ ದಿನವೇ ಬೇಡ. ಆ ದಿನಗಳಲ್ಲಿ ಮಷಿನ್ ಒಂದೇ ಸಾಕು, ಅದೇ ಹೊಸದು. ಆ್ಯಪ್ ಚೆನ್ನಾಗಿದೆಯಾ, ಮಷಿನ್ ಮೇಲಿನ ಹುಮ್ಮಸ್ಸು ಚೆನ್ನಾಗಿದೆಯಾ ಅಂತ ಗೊತ್ತಾಗುವುದಿಲ್ಲ. ಎರಡು ಮೂರು ತಿಂಗಳು ಮಾನಿಟರ್ ಮತ್ತು ಪುಕ್ಕಟೆ ಪ್ಲಾನ್ ಜೊತೆ ಎಳೆಯಿರಿ. ಒಂದು ವಾರ ಮಷಿನ್ ಹತ್ತಲು ಮನಸ್ಸಾಗದೆ ಕಳೆದುಹೋದಾಗ, ಆ ವಾರ ಏನು ಅಡ್ಡ ಬಂತು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಏನು ಮಾಡಬೇಕೋ ತೋಚಲಿಲ್ಲವಾ, ಬೆನ್ನು ಹಿಡಿಯಿತಾ, ಇಲ್ಲ ಒಬ್ಬರೇ ಕೂರಲು ಬೇಸರವಾಯಿತಾ? ಅದರ ಮುಂದಿನ ಸೋಮವಾರ ಟ್ರಯಲ್ ಶುರು ಮಾಡಿ.